ಹನ್ನೊಂದನೇ ದಿನದೊಳಗೆ

ಅಕ್ಟೋಬರ್ 12, 2008, ಭಾನುವಾರ. ಲುಂಡ್, ಸ್ವೀಡನ್

ನೆಲಮಾಳಿಗೆಯ ಲಾಂಡ್ರಿ ಕೋಣೆಗೆ ಸರದಿ ಬರೆದು ಬಂದೆ. 22ನೇ ತಾರೀಖು, ಬೆಳಗ್ಗೆ ಆರರಿಂದ. ಹೊರಡುವ ದಿನವೇ. ಬೇರೆ ಹೊತ್ತು ಖಾಲಿ ಇರಲಿಲ್ಲ.

ಎರಡು ಕಾದಂಬರಿ ಓದಿ ಮುಗಿದವು. ಒಂದು ಪೋರ್ಚುಗೀಸ್‌ನಿಂದ, ಇನ್ನೊಂದು ಹಂಗೇರಿಯನ್‌ನಿಂದ ಸ್ವೀಡಿಷ್‌ಗೆ ಬಂದದ್ದು. ಅನುವಾದದ ಪುಸ್ತಕಗಳಲ್ಲಿ ಜನ ಗಾಜಿನ ಆಚೆ ನಿಂತು ಮಾತಾಡುತ್ತಾರೆ. ಆ ದೂರ ನನಗೆ ಹಿತ.

ಊಟದ ಮೇಜಿನ ತುಂಬ ಇವರು ಪೆರು ದೇಶದ ನಕ್ಷೆ ಹರಡಿದ್ದಾರೆ. ಒಂದು ವಾರದಿಂದ ಅದರ ಅಂಚಿನಲ್ಲೇ ತಟ್ಟೆ. ಚಾನ್ ಚಾನ್ — ಇಂಕಾಗಳಿಗಿಂತ ಮುಂಚೆ ಚಿಮೂ ಎಂಬ ಜನ ಕಟ್ಟಿದ ಪಟ್ಟಣ. ಇಡೀ ಮಣ್ಣಿನದು. ಇವರಿಗೆ ಹತ್ತು ವರ್ಷವಿದ್ದಾಗ ಅಕ್ಕ ನಳಿನಿ ಅಟ್ಲಾಸಿನಲ್ಲಿ ಬೆರಳಿಟ್ಟು ತೋರಿಸಿದ್ದರಂತೆ: ನಮ್ಮ ಮಣ್ಣಿನ ಮಾಳಿಗೆ ಮನೆ ಥರ, ಆದರೆ ಊರಿಗೆ ಊರೇ.

ಅಮ್ಮ ತೀರಿಕೊಂಡ ಮೇಲೆ ಇವರನ್ನು ಬೆಳೆಸಿದವರು ನಳಿನಕ್ಕನೇ. ಮದುವೆಯಾಗಲಿಲ್ಲ. ಚಳ್ಳಕೆರೆಯಲ್ಲಿ ಭೂಗೋಳದ ಟೀಚರ್ ಆಗಿದ್ದು, ಈ ವರ್ಷ ರಿಟೈರ್ ಆದರು.

ಈ ಪ್ರವಾಸ ಎರಡು ಸಲ ರದ್ದಾಗಿದೆ. 1999ರಲ್ಲಿ ಅಕ್ಕನ ಆಪರೇಷನ್. 2004ರಲ್ಲಿ ಅಕ್ಕ ಬಿದ್ದು ಸೊಂಟದ ಮೂಳೆ ಮುರಿದದ್ದು. ಎರಡೂ ಸಲ ಇವರು ಲಿಮಾದ ವಿಮಾನ ಬಿಟ್ಟು ಬೆಂಗಳೂರಿನದು ಹತ್ತಿದರು. ಗೊಣಗಲಿಲ್ಲ. ನಕ್ಷೆ ಮಡಚಿ ಇಟ್ಟರು, ಅಷ್ಟೇ.

ಅಕ್ಟೋಬರ್ 18, ಶನಿವಾರ. ಬೆಳಗ್ಗೆ 11:20

ನಳಿನಕ್ಕನ ಫೋನು. ಮರೆಯುವ ಮುಂಚೆ, ಆಡಿದಂತೆಯೇ ಬರೆದಿಡುತ್ತೇನೆ.

"ಸೋಮು ಇದ್ದಾನಾ?"

"ಇಲ್ಲಕ್ಕಾ. ಸಾಮಾನು ತರೋಕೆ ಹೋಗಿದ್ದಾರೆ."

"ಗೊತ್ತು ಬಿಡು. ಶನಿವಾರ ಹನ್ನೊಂದಕ್ಕೆ ಅಂಗಡಿ. ನೀವಿಬ್ರೂ ರೈಲು ಇದ್ದಂಗೆ ಕಣೇ, ಹೊತ್ತು ತಪ್ಪಲ್ಲ. ಅದಕ್ಕೇ ಈಗ ಮಾಡಿದ್ದು."

ಸೋಮವಾರ ದಾವಣಗೆರೆಯಲ್ಲಿ ಹೃದಯದ ವಾಲ್ವ್ ಬದಲಾಯಿಸುತ್ತಾರಂತೆ. ತಮ್ಮನಿಗೆ ಹೇಳಕೂಡದಂತೆ.

"ಅಕ್ಕಾ, ಹೀಗೆಲ್ಲ ಮುಚ್ಚಿಡೋಕೆ ನನ್ನ ಕೈಲಿ —"

"ಕೇಳಿಲ್ಲಿ. ಎರಡು ಸಲ ನನ್ನಿಂದ ಕೆಡ್ತು. ಇನ್ನೊಂದು ಸಲ ಕೆಟ್ರೆ, ಆ ಊರಿನ ಹೆಸರು ಕೇಳಿದಾಗೆಲ್ಲ ಅವನಿಗೆ ಆಸ್ಪತ್ರೆಲಿ ಮಲಗಿರೋ ನಾನೇ ಕಾಣ್ತೀನಿ. ನಂಗೇನಾದ್ರೂ ಆದ್ರೂ ಅಷ್ಟೇ. ಅವನು ನೋಡ್ಕೊಂಡು ಬರಲಿ, ಆಮೇಲೆ ಹೇಳು. ಇಲ್ಲಿ ಶಂಕರ ಇದ್ದಾನೆ. ಎಲ್ಲಾ ಹೇಳಿಟ್ಟಿದ್ದೀನಿ."

ಶಂಕರ ಇವರ ಚಿಕ್ಕಪ್ಪನ ಮಗ.

"ಅವರಾಗೇ ನಿಮ್ಮ ವಿಷಯ ಕೇಳಿದ್ರೆ?"

"ಕೇಳಿದ್ರೆ ಸುಳ್ಳು ಹೇಳ್ಬೇಡ. ಅವನು ಕೇಳಲ್ಲ ಬಿಡು, ಆ ಗೋಡೆ ಕಂಡ್ರೆ ಕಟ್ಕೊಂಡ ಹೆಂಡ್ತೀನೂ ಮರೀತಾನೆ." ನಕ್ಕರು. ನಗು ಕೆಮ್ಮಾಯಿತು.

ಹೂಂ ಅಂದೆ. ಒಟ್ಟು ಆರು ನಿಮಿಷ. ಇವರು ಬಂದಾಗ ಹಾಲು ಫ್ರಿಜ್‌ಗೆ ಇಟ್ಟೆ, ಆಲೂಗಡ್ಡೆ ಕೆಳಗೆ.

ಅಕ್ಟೋಬರ್ 20, ಸೋಮವಾರ

ಶಂಕರನ ಎಸ್ಸೆಮ್ಮೆಸ್: ಆಪರೇಷನ್ ಆಯಿತು, ಐಸಿಯುನಲ್ಲಿದ್ದಾರೆ, ಪರವಾಗಿಲ್ಲ. ಅಳಿಸಿದೆ. ಆಫೀಸಿನಲ್ಲಿ ಫಿಕಾ ಎಂಬ ಕಾಫಿ ಬಿಡುವಿನಲ್ಲಿ ಎಲ್ಲರೂ ಪ್ರವಾಸದ ಬಗ್ಗೆ ಕೇಳಿದರು. ಹೇಳಿದೆ.

ಅಕ್ಟೋಬರ್ 22, ಬುಧವಾರ. ಕೋಪನ್‌ಹೇಗನ್ ವಿಮಾನ ನಿಲ್ದಾಣ

7:20ಕ್ಕೆ ಫೋನು. ಇವರು ಕೆಳಗೆ, ಲಾಂಡ್ರಿ ಕೋಣೆಯಲ್ಲಿ.

"ಅತ್ತಿಗೆ, ಅಕ್ಕ ಹೋಗ್ಬಿಟ್ರು. ಬೆಳಗ್ಗೆ ಆರಕ್ಕೆ." ಶಂಕರ ಅಳುತ್ತಿದ್ದ. "ಇವತ್ತು ಸಂಜೇನೇ ಮಣ್ಣು ಮಾಡ್ತೀವಿ. ಅಣ್ಣ ಹೊರಟ್ರೂ ಮಣ್ಣಿಗೆ ಸಿಗಲ್ಲ. ಹನ್ನೊಂದನೇ ದಿನ ಶಿವಗಣಾರಾಧನೆ. ಅಷ್ಟರೊಳಗೆ ಬಂದ್ರೆ... ನೀವು ಅಣ್ಣಂಗೆ ಈಗ್ಲೇ ಹೇಳ್ತೀರೋ, ಅಕ್ಕ ಅಂದಂಗೆ ಮಾಡ್ತೀರೋ?"

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಹತ್ತಿರದವರು ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಬೇಕು. ಇವರದೇ ಮೊದಲ ಹಿಡಿಯಾಗಬೇಕಿತ್ತು.

ಲೆಕ್ಕ ಹಾಕಿದೆ. ಇವತ್ತು ಒಂದನೇ ದಿನ. ಹನ್ನೊಂದನೆಯದು ನವೆಂಬರ್ ಒಂದು. ನಾವು ಲುಂಡ್‌ಗೆ ಮರಳುವುದು ಮೂವತ್ತಕ್ಕೆ. ಮೂವತ್ತೊಂದಕ್ಕೆ ಹೊರಟರೆ ಒಂದರ ಬೆಳಗ್ಗೆ ಬೆಂಗಳೂರು, ಅಲ್ಲಿಂದ ಕಾರಿನಲ್ಲಿ ನಾಲ್ಕು ಗಂಟೆ. ಆಗುತ್ತದೆ.

"ಅಕ್ಕ ಅಂದಂಗೇ," ಅಂದೆ.

ಇವರು ಬುಟ್ಟಿ ಹೊತ್ತು ಮೇಲೆ ಬಂದರು. ಬಟ್ಟೆ ಇನ್ನೂ ಬೆಚ್ಚಗಿತ್ತು.

"ಯಾರದು ಫೋನು?"

"ಆಫೀಸಿಂದ."

"ರಜೆ ಅಂದ್ರೂ ಬಿಡಲ್ವಲ್ಲ ನಿನ್ನ. ನೀನಿಲ್ದೆ ಲೈಬ್ರರಿ ಮುಳುಗತ್ತಾ?"

ಏಳು ಅಂಗಿ, ನಾಲ್ಕು ಪ್ಯಾಂಟು ಮಡಚಿದೆ. ಏನೂ ಅನ್ನಿಸಲಿಲ್ಲ. ಈಗಲೂ ಅನ್ನಿಸುತ್ತಿಲ್ಲ. ಇವರು ಎದುರಿನ ಕುರ್ಚಿಯಲ್ಲಿ ಕೂತು ಸ್ಪ್ಯಾನಿಷ್ ಪದಗಳನ್ನು ಉರು ಹೊಡೆಯುತ್ತಿದ್ದಾರೆ. ಚಳ್ಳಕೆರೆಯಲ್ಲಿ ಈಗ ಸಂಜೆ ಐದು.

ಅಕ್ಟೋಬರ್ 25, ಶನಿವಾರ. ತ್ರುಹಿಯೊ, ಪೆರು

ನಾಲ್ಕನೇ ದಿನ. ಚಾನ್ ಚಾನ್ ನೋಡಿದೆವು. ಬಿಸಿಲು, ಸಮುದ್ರದ ಕಡೆಯಿಂದ ಗಾಳಿ. ಗೋಡೆ ಒಂಬತ್ತು ಮೀಟರ್ ಎತ್ತರ ಎಂದರು ಗೈಡ್. ಬರೆದುಕೊಂಡೆ. ಒಂಬತ್ತು ಅರಮನೆ, ಒಂದೊಂದಕ್ಕೂ ಸುತ್ತುಗೋಡೆ, ಒಳಗೆ ಹೋಗಲು ಒಂದೇ ಬಾಗಿಲು. ಬರೆದುಕೊಂಡೆ. ಒಂದರಲ್ಲಿ ಮಾತ್ರ ಪ್ರವೇಶ.

ಗೈಡ್ ಐವತ್ತು ದಾಟಿದ ಹೆಂಗಸು, ದೊಡ್ಡ ಟೋಪಿ. ಮಳೆ ಬಂದರೆ ಈ ಊರು ಕರಗುತ್ತದೆ, ಹಾಗಾಗಿ ನನ್ನ ಟಿಪ್ಸ್ ವಿಷಯದಲ್ಲಿ ತಡ ಮಾಡಬೇಡಿ ಎಂದರು. ಇವರು ಜೋರಾಗಿ ನಕ್ಕರು.

ಒಂದು ಕಡೆ ಕೆಲಸದವರು ಗೋಡೆಯ ತಲೆಗೆ ಹಸಿಮಣ್ಣು ಮೆತ್ತುತ್ತಿದ್ದರು. ಇವರು ನಿಂತೇಬಿಟ್ಟರು.

"ನೀರಜಾ, ನೋಡಿಲ್ಲಿ. ಮಳೆಗಾಲಕ್ಕೆ ಮುಂಚೆ ಅಕ್ಕ ಮಾಳಿಗೆ ಮೇಲೆ ಸೋರದಂಗೆ ಕರಲು ಮಣ್ಣು ಹಾಕಿಸ್ತಾಳಲ್ಲ, ಥೇಟ್ ಹಂಗೇ. ಹಿಂಗಲ್ಲ ಹಂಗೆ ಅಂತ ಕೆಳಗೆ ನಿಂತು ಕೂಗ್ತಿರ್ತಾಳೆ." ಆಮೇಲೆ ನನ್ನ ಕಡೆ ತಿರುಗಿದರು. "ಹೊರಡೋ ಮುಂಚೆ ಮಾತಾಡೋಕೇ ಆಗ್ಲಿಲ್ಲ. ನಿಂಗೇನಾದ್ರೂ ಫೋನ್ ಮಾಡಿದ್ಲಾ? ಹೇಗಿದ್ದಾಳೆ?"

ಕೇಳಿದರು. ಅವರಾಗೇ ಕೇಳಿದರು.

"ಚೆನ್ನಾಗಿದ್ದಾರೆ," ಅಂದೆ.

"ಇಲ್ಲಿಂದ್ಲೇ ಒಂದು ಕಾಲ್ ಹಾಕ್ಲಾ? ಕುಣಿದಾಡಿಬಿಡ್ತಾಳೆ."

"ಅಲ್ಲೀಗ ರಾತ್ರಿ ಒಂದು ಗಂಟೆ."

ಅದು ನಿಜ. ಗಡಿಯಾರ ನೋಡಿಯೇ ಹೇಳಿದೆ.

ಅಕ್ಟೋಬರ್ 27, ಸೋಮವಾರ. ತ್ರುಹಿಯೊ

ಆರನೇ ದಿನ. ಇವರು ಅಕ್ಕನ ಮೊಬೈಲಿಗೆ ಎರಡು ಸಲ ಫೋನ್ ಹಚ್ಚಿದರು. ಎತ್ತಲಿಲ್ಲ. "ಎಲ್ಲಿ ತಿರುಗೋಕೆ ಹೋಗಿದಾಳೋ, ರಿಟೈರ್ ಆದಮೇಲೆ ಕಾಲು ನಿಲ್ಲಲ್ಲ," ಅಂದರು. ಇನ್ನೊಮ್ಮೆ ಚಾನ್ ಚಾನ್‌ಗೆ ಒಬ್ಬರೇ ಹೋದರು. ತಲೆನೋವು ಅಂದೆ. ಇಂಟರ್ನೆಟ್ ಅಂಗಡಿಯಲ್ಲಿ ಕೂತು 31ಕ್ಕೆ ಬೆಂಗಳೂರಿಗೆ ಎರಡು ಟಿಕೆಟ್ ಮಾಡಿದೆ. ಹೋಗಿ ಬರುವುದಕ್ಕೆ. ಪಾಸ್‌ಪೋರ್ಟ್ ನಂಬರ್ ಎರಡು ಸಲ ಪರೀಕ್ಷಿಸಿದೆ.

ಅಕ್ಟೋಬರ್ 30, ಗುರುವಾರ. ಲುಂಡ್

ಬಾಗಿಲು ತೆಗೆದು ಒಳಗೆ ಬಂದೆವು. ಇವರು ಒಂದು ಬೂಟು ಬಿಚ್ಚಿದ್ದರು. ಹೇಳಿದೆ. ವಾಕ್ಯವನ್ನು ವಿಮಾನದಲ್ಲೇ ಸಿದ್ಧ ಮಾಡಿಕೊಂಡಿದ್ದೆ.

ಇವರು ಇನ್ನೊಂದು ಬೂಟು ಬಿಚ್ಚಲಿಲ್ಲ. ಹಾಗೇ ಸ್ಟೂಲಿನ ಮೇಲೆ ಕೂತರು.

"ಯಾವಾಗ?"

"22ಕ್ಕೆ, ಬೆಳಗ್ಗೆ ಆರಕ್ಕೆ."

"ನಿಂಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ಏಳೂ ಇಪ್ಪತ್ತಕ್ಕೆ. ನೀವು ಬಟ್ಟೆ ತರೋಕೆ ಕೆಳಗೆ ಹೋಗಿದ್ರಿ."

ಅಕ್ಕನ ಮಾತು ಹೇಳಿದೆ. ಎರಡು ಸಲ ಕೆಟ್ಟದ್ದು, ನೋಡಿಕೊಂಡು ಬರಲಿ ಎಂದದ್ದು. ಅಲ್ಲಿಗೆ ನಿಲ್ಲಿಸಿದೆ. ಟಿಕೆಟ್ ಆಗಿದೆ, ಹನ್ನೊಂದನೇ ದಿನಕ್ಕೆ ತಲುಪುತ್ತೇವೆ ಎಂದೆ. ಇವರು ನನ್ನ ಮುಖ ನೋಡಿದರು. ಬೈಯಲಿಲ್ಲ.

ಸಂಜೆ ಆರಕ್ಕೆ ಕ್ಯಾಮರಾ ತಂದು ಕಂಪ್ಯೂಟರಿಗೆ ಹಚ್ಚಿದರು. 412 ಚಿತ್ರ. ನಾನಿರುವ ಚಿತ್ರ ಬಂದಾಗೆಲ್ಲ ಬೆರಳಿಟ್ಟು ಕೇಳಿದರು.

"ಇಲ್ಲಿ?"

"ಗೊತ್ತಿತ್ತು."

"ಇಲ್ಲಿ? ಇಲ್ಲಿ ನಗ್ತಿದೀಯ."

"ಗೊತ್ತಿತ್ತು."

ಲಿಮಾದ ಹೋಟೆಲು, ಬಸ್ಸು, ಸಮುದ್ರದಂಡೆ. ಗೊತ್ತಿತ್ತು. ಗೊತ್ತಿತ್ತು. ಕೆಲಸದವರು ಮಣ್ಣು ಮೆತ್ತುವ ಚಿತ್ರ ಬಂತು. ಇವರು ಕೈ ತೆಗೆದರು.

"ಇಲ್ಲಿ ಕೇಳಿದೆ ನಿನ್ನ. ಅಕ್ಕ ಹೇಗಿದ್ದಾಳೆ ಅಂತ."

ಆಗ ಉಳಿದದ್ದನ್ನೂ ಹೇಳಿದೆ. ಕೇಳಿದರೆ ಸುಳ್ಳು ಹೇಳಬೇಡ ಎಂದು ಅಕ್ಕ ಅಂದಿದ್ದರು.

ಫ್ರಿಜ್ ಒಮ್ಮೆ ಶುರುವಾಗಿ ನಿಂತಿತು.

"ಅಂದ್ರೆ ಅವಳೇ ಬಿಟ್ಟಿದ್ಲು. ಹೇಳೋಕೆ. ನಾನೂ ಬಾಯಿ ಬಿಟ್ಟು ಕೇಳಿದೆ. ಮತ್ತೆ ಯಾಕೆ ನೀರಜಾ?"

"ಇನ್ನೂ ಅರ್ಧ ಊರು ನೋಡೋದಿತ್ತು," ಅಂದೆ.

ನಾನು ಅಂದದ್ದು ಅದೇ.

ಅಕ್ಟೋಬರ್ 31, ಶುಕ್ರವಾರ

ನನ್ನ ಟಿಕೆಟ್ ರದ್ದು ಮಾಡಿಸಿದರು. ತಮ್ಮ ವಾಪಸು ಟಿಕೆಟ್ಟನ್ನೂ. "ಆಮೇಲೆ ನೋಡೋಣ."

ಸ್ಟೇಷನ್ನಿನವರೆಗೆ ಹೋದೆ. ಬೇಡ ಎನ್ನಲಿಲ್ಲ. ಸಾಲು ಸಾಲು ಸೈಕಲ್ಲುಗಳ ನಡುವೆ ಇವರ ಸೂಟ್‌ಕೇಸಿನ ಗಾಲಿ ಎರಡು ಸಲ ಸಿಕ್ಕಿಕೊಂಡಿತು. ಎರಡೂ ಸಲ ಬಿಡಿಸಿದೆ. ರೈಲು ಬಂದಾಗ ಇವರು ಹೇಳಿದರು:

"ನೀನು ಚಾನ್ ಚಾನ್‌ಗೆ ಬರಲೇ ಇಲ್ಲ. ನೀನು ದಿನ ಎಣಿಸ್ತಾ ಇದ್ದೆ. ನಾನೊಬ್ಬನೇ ಹೋಗ್ಬಂದೆ, ನನ್ನ ಪಕ್ಕ ಯಾರೋ ಒಬ್ಳು ಇದ್ಲು."

ಬಾಗಿಲು ಮುಚ್ಚಿತು. 10:38ರ ರೈಲು. ಎರಡು ನಿಮಿಷ ತಡ.

ನವೆಂಬರ್ 1, ಶನಿವಾರ

ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತ್ ಮಾಡಿಕೊಡುತ್ತೇನೆಂದು ಸೆಪ್ಟೆಂಬರ್‌ನಲ್ಲೇ ಹೆಸರು ಕೊಟ್ಟಿದ್ದೆ. ಸೂತಕದ ಮನೆ ಎಂದು ಫೋನ್ ಮಾಡಿ ಹೇಳಿದೆ. ಯಾರು, ಏನು ಎಂದು ಕೇಳಿದರು. ಹೇಳಿದೆ. ಈ ಸಲ ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿದೆ.

ಮಧ್ಯಾಹ್ನ ಶಂಕರನ ಫೋನು.

"ಅಣ್ಣ ಬಂದ್ರು ಅತ್ತಿಗೆ. ಹೊತ್ತಿಗೆ ಸರಿಯಾಗಿ. ಪೂಜೆ ಆಯ್ತು, ಊಟ ನಡೀತಿದೆ."

"ಏನಾದ್ರೂ ಅಂದ್ರಾ?"

"ಕಾರಿಂದ ಇಳಿದೋರು ಮನೆಗೆ ಬರ್ಲಿಲ್ಲ. ಸೀದಾ ಅಕ್ಕನ ಸಮಾಧಿ ಹತ್ರ ಹೋದ್ರು. ಮಣ್ಣು ಒಣಗಿ ಕಲ್ಲಾಗಿತ್ತು. ಬಾಟ್ಲಿ ನೀರು ಹಾಕಿ, ಕೆದಕಿ, ಮೂರು ಹಿಡಿ ಹಾಕಿದ್ರು. ಹನ್ನೊಂದನೇ ದಿನ ಯಾರೂ ಹಂಗೆ ಹಾಕಲ್ಲ ಅತ್ತಿಗೆ. ಸ್ವಾಮಿಗಳೂ ಸುಮ್ನಿದ್ರು."

"ಅವರಿಗೆ ಕೊಡ್ತೀಯಾ ಫೋನು?"

ಸ್ವಲ್ಪ ಹೊತ್ತು ಬರೀ ಜನರ ಸದ್ದು, ಎಲೆ ಹಾಕುವವರ ಕೂಗು.

"ಆಮೇಲೆ ಮಾಡ್ತಾರಂತೆ," ಅಂದ ಶಂಕರ.

ನವೆಂಬರ್ 9, ಭಾನುವಾರ

ಮಾಡಿಲ್ಲ. ಒಂದು ಎಸ್ಸೆಮ್ಮೆಸ್ ಬಂದಿದೆ: ಅಕ್ಕನ ಪುಸ್ತಕಗಳನ್ನು ಕಟ್ಟುತ್ತಿದ್ದೇನೆ, ಟೈಮ್ ಬೇಕು. ಎಷ್ಟು ಎಂದು ಬರೆದಿಲ್ಲ. ನಾನು ಕೇಳಿಲ್ಲ.

ಆಫೀಸು, ಮನೆ. ನಾಲ್ಕಕ್ಕೇ ಕತ್ತಲು. ಪೋಲಿಷ್‌ನಿಂದ ಬಂದ ಕಾದಂಬರಿ ತಂದಿದ್ದೇನೆ. ನಲವತ್ತು ಪುಟ ಆದವು. ಒಳಗೆ ಹೋಗಲು ಆಗುತ್ತಿಲ್ಲ. ಗಾಜಿನ ಆಚೆ ಅವರಿದ್ದಾರೋ ನಾನಿದ್ದೇನೋ.

ನವೆಂಬರ್ 16, ಭಾನುವಾರ. ಮಧ್ಯಾಹ್ನ

ಸುದ್ದಿ ಇಲ್ಲ. ಹೊರಗೆ ತೆಳು ಹಿಮ. ನೆಲಕ್ಕೆ ಬಿದ್ದದ್ದೇ ಕರಗುತ್ತಿದೆ.

ಕಂಪ್ಯೂಟರ್ ತೆರೆದು ಚಿತ್ರಗಳನ್ನು ಮೊದಲಿಂದ ನೋಡಲು ಕೂತೆ. ನಾನಿರುವ ಚಿತ್ರಗಳನ್ನು ದಾಟಿಸಿದೆ. ಉಳಿದವನ್ನು ಒಂದೊಂದಾಗಿ ನೋಡಿದೆ. ಒಂದು ಗೋಡೆಯ ಬುಡದ ತುಂಬ ಮೀನು, ಮಣ್ಣಿನಲ್ಲಿ ಕೆತ್ತಿದ್ದು. ಎರಡು ಸಾಲು. ಮೇಲಿನವು ಒಂದು ದಿಕ್ಕಿಗೆ, ಕೆಳಗಿನವು ಅದರ ಎದುರು ದಿಕ್ಕಿಗೆ. ನಾನು ಆ ಗೋಡೆಯ ಪಕ್ಕ ನಡೆದಿದ್ದೇನೆ. ಅದರ ಎತ್ತರ ಬರೆದುಕೊಂಡಿದ್ದೇನೆ. ಮೀನು ಕಂಡಿರಲಿಲ್ಲ.

ಇನ್ನೊಂದು ಗೋಡೆ, ಬಲೆಯ ಹಾಗೆ ಕಣ್ಣು ಕಣ್ಣು. ಇನ್ನೊಂದರಲ್ಲಿ ಹಕ್ಕಿಗಳು, ಉದ್ದ ಕೊಕ್ಕು. ಎಲ್ಲ ಅದೇ ಒಂದೇ ಮಣ್ಣು.

187ನೆಯದು ಗೈಡ್ ತೆಗೆದದ್ದು. ಇವರೊಬ್ಬರೇ ಇದ್ದಾರೆ. ಬೆನ್ನು ಗೋಡೆಗೆ ಆನಿಸಿ ನಿಂತಿದ್ದಾರೆ, ಎರಡೂ ಅಂಗೈ ಹಿಂದಕ್ಕೆ ಮಾಡಿ ಮಣ್ಣಿಗೆ ಒತ್ತಿ ಹಿಡಿದಿದ್ದಾರೆ. ಟೋಪಿ ಓರೆಯಾಗಿದೆ. ಬಾಯಿ ತೆರೆದಿದೆ. ನಗುವೂ ಅಲ್ಲ. ಹತ್ತು ವರ್ಷದ ಹುಡುಗನಿಗೆ ಯಾರೋ ಏನೋ ತೋರಿಸಿದ ಹಾಗೆ.

ಈ ಮುಖಕ್ಕಾಗಿಯೇ ಅಕ್ಕ ಹಾಗೆ ಮಾಡಿದರು. ನಾನೂ. ಆಗ ನಾನು ಮೂರು ಅಡಿ ದೂರದಲ್ಲಿ ನಿಂತಿದ್ದೆ, ಚಳ್ಳಕೆರೆಯಲ್ಲಿ ಎಷ್ಟು ಗಂಟೆ ಎಂದು ಎಣಿಸುತ್ತ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಇವರನ್ನು ಹೀಗೆ ಒಂದು ಸಲವೂ ಕಂಡಿರಲಿಲ್ಲ. ಕಣ್ಣೆದುರೇ ಇತ್ತು, ನಾನು ಅದನ್ನು —