ಬೇಡದ ಹಾಳೆ

ನನಗೆ ಮಾತು ಕಲಿಸಿದ ಸಾಹೇಬರಿಗೆ,

ನೀವು ಹೋಗಿ ಎಂಟು ವರ್ಷವಾಯಿತು. ಕಂಪನಿಯವರು ಈಗ ನನಗೆ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ, ಗೋಡೆಯ ಮೇಲೆ ಚಿತ್ರ ಬೀಳಿಸುವ ಪ್ರೊಜೆಕ್ಟರ್ ಕೊಟ್ಟಿದ್ದಾರೆ. ರೈತರ ಮುಂದೆ ಹೇಗೆ ಮಾತನಾಡಿ ಮಾರಬೇಕೆಂದು ಹೊಸ ಸೇಲ್ಸ್‌ನವರಿಗೆ ತಿಪಟೂರಿನ ಆಫೀಸಿನಲ್ಲಿ ಪಾಠ ಹೇಳುವವನೂ ನಾನೇ. ನೀವಿದ್ದಿದ್ದರೆ ನಗುತ್ತಿದ್ದಿರಿ. ಅಥವಾ ನಗುತ್ತಿರಲಿಲ್ಲವೇನೋ. ಈ ಪತ್ರ ಪೂರ್ತಿ ಓದಿ ಆಮೇಲೆ ತೀರ್ಮಾನ ಮಾಡಿ.

ದಬ್ಬೇಘಟ್ಟದ ನನ್ನ ಮೊದಲ ಸಭೆ ನೆನಪಿದೆಯೇ? ನುಸಿ ಬಿದ್ದು ತೆಂಗಿನಕಾಯಿಗಳೆಲ್ಲ ಕಜ್ಜಿ ಹತ್ತಿದಂತೆ ಕಂದಾಗಿ, ಒಳಗೆ ತಿರುಳು ಕಟ್ಟದೆ ಸೀಕಲಾಗುತ್ತಿದ್ದ ಕಾಲ. ಅದಕ್ಕೆ ಬೇರಿಗೆ ಕಟ್ಟುವ ಕೀಟನಾಶಕದ ಔಷಧಿಯನ್ನು ನಾವಿಬ್ಬರೂ ಮಾರುತ್ತಿದ್ದೆವು. ಕಂಪನಿ ಬರೆದುಕೊಟ್ಟಿದ್ದನ್ನು ನಾನು ಒಂದೇ ಉಸಿರಿಗೆ ಒದರಿದೆ. ಜನ ಬೀಡಿ ಹಚ್ಚಿ ಬೇರೆ ಮಾತಿಗಿಳಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ನೀವು ಬೈಯಲಿಲ್ಲ. "ನಮ್ಮಪ್ಪ ಟೈಲರ್ ಕಣಪ್ಪ. ಗಿರಾಕಿ ಬಾಗ್ಲಲ್ಲಿ ನಿಂತಾಗ್ಲೇ ಕಣ್ಣಲ್ಲಿ ಅಳತೆ ತಗೋತಿದ್ರು. ನೀನು ಎದುರ್ಗೆ ಕೂತೋರ್ನ ನೋಡ್ಲೇ ಇಲ್ಲ," ಎಂದಿರಿ, ಅಷ್ಟೇ.

ನೀವು ಭಾಷಣವನ್ನೇ ಮಾಡುತ್ತಿರಲಿಲ್ಲ. ಯಾರದಾದರೂ ತೋಟದಲ್ಲಿ ಮರದ ಬುಡ ಕೆದಕಿ, ಎಳೆಯ ಬೇರೊಂದನ್ನು ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ ದಾರ ಕಟ್ಟುತ್ತಿದ್ದಿರಿ. ಸಂಜೆ ಅದೇ ಜನರನ್ನು ಕರೆದು ಖಾಲಿ ಚೀಲ ತೋರಿಸುತ್ತಿದ್ದಿರಿ. ಮರ ಕುಡಿದಿದೆ. ಇನ್ನು ಮಾತೇಕೆ? ಆದರೆ ಚೀಲ ಕಟ್ಟುವ ಮೊದಲು ತಪ್ಪದೆ, ಸಭೆಗೆ ಒಯ್ಯುವ ಚಾರ್ಟಿನ ಮೊದಲ ಹಾಳೆ ಬಿಚ್ಚಿ ಗಟ್ಟಿಯಾಗಿ ಓದುತ್ತಿದ್ದಿರಿ. ನೀವೇ ಕೆಂಪು ಶಾಯಿಯಲ್ಲಿ ಬರೆದದ್ದು: ಔಷಧಿ ಕಟ್ಟಿದ ಮರದ ಎಳನೀರು, ಕಾಯಿ ನಲವತ್ತೈದು ದಿನ ಬೇಡ. ಅದಕ್ಕೆ ಬೇಡದ ಹಾಳೆ ಎಂದು ನೀವೇ ಹೆಸರಿಟ್ಟಿದ್ದಿರಿ. "ಬ್ಯಾಡ ಅನ್ನೋದ್ನ ಮೊದ್ಲು ಹೇಳ್ಬುಡು ಪರಮೇಶಿ. ಆಮೇಲೆ ನೀನು ಬೇಕು ಅಂದಿದ್ನ ನಂಬ್ತಾರೆ."

ನನಗೆ ಮಾತ್ರ ಅದು ನಿಜಕ್ಕೂ ಬೇಡದ ಹಾಳೆಯೇ ಆಗಿತ್ತು. ಅದನ್ನು ಓದಿದ ಕೂಡಲೇ ಹಿಂದಿನ ಸಾಲಿನವರು ಪಂಚೆ ಕೊಡವಿಕೊಂಡು ಎದ್ದು ಹೋಗುವುದನ್ನು ಎಷ್ಟು ಸಲ ನೋಡಿದ್ದೆ. ನಿಮಗೆ ಕಾಮಾಲೆಯಾಗಿ ಆಸ್ಪತ್ರೆ ಸೇರಿದಾಗ ಹೊನ್ನವಳ್ಳಿಯ ಸಭೆಗೆ ಒಬ್ಬನೇ ಹೋದೆ. ಅಲ್ಲಿ ಚಾರ್ಟಿನ ರಟ್ಟಿನ ಜೊತೆಗೇ ಬೇಡದ ಹಾಳೆಯನ್ನೂ ಮಗುಚಿದೆ. ಕೈತಪ್ಪಿ ಅಲ್ಲ ಸಾಹೇಬರೇ. ಯಾರೂ ಏಳಲಿಲ್ಲ. ನಿಮ್ಮ ಹಳೆಯ ಸ್ನೇಹಿತ ಬಸಣ್ಣ ತನ್ನ ತೋಟದ ಒಳ್ಳೆಯ ಮರಗಳಿಗೆಲ್ಲ ಅವತ್ತೇ ನನ್ನ ಕೈಯಲ್ಲಿ ಕಟ್ಟಿಸಿದ. ಡಬ್ಬಿಯ ಮೇಲೆ ಬರೆದಿದೆಯಲ್ಲ, ಓದಿಕೊಳ್ಳುತ್ತಾರೆ ಎಂದುಕೊಂಡೆ. ಡಬ್ಬಿಯ ಮೇಲಿದ್ದದ್ದು ಇಂಗ್ಲಿಷು, ಅದೂ ಸಾಸಿವೆ ಕಾಳಿನಷ್ಟು ಅಕ್ಷರ.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಬಸಣ್ಣ ಆಸ್ಪತ್ರೆಗೆ ಎಳನೀರಿನ ಗೊನೆ ಹೊತ್ತು ತಂದ. ಕಾಯಿಲೆಯವರನ್ನು ನೋಡಲು ನಮ್ಮ ಕಡೆ ಬೇರೇನು ತರುತ್ತಾರೆ? ಬಾಗಿಲಲ್ಲೇ ನನಗೆ ಹೇಳಿದ, "ನೀವು ಔಸ್ದಿ ಕಟ್ಟಿದ್ ಮರದ್ದೇ ಕೆಡವ್ಸ್ಕೊಂಡ್ ಬಂದೆ ಕಣ್ರೀ. ಅದ್ರ ನೀರು ಬೋ ಸೀ." ಅವನು ಹೊರಗೆ ಎಳನೀರು ಕೊಚ್ಚಲು ಹೋದಾಗ ನೀವು ಕಣ್ಣು ಬಿಟ್ಟು ನನ್ನನ್ನು ಕೇಳಿದಿರಿ.

"ಹೊನ್ನವಳ್ಳೀಲಿ ಬ್ಯಾಡದ ಹಾಳೆ ಓದ್ದೇನಪ್ಪ?"

"ಓದ್ದೆ ಸಾಹೇಬ್ರೇ."

"ಅಂಗಾದ್ರೆ ಸರಿ. ಬಸಣ್ಣ ನೋಡ್ಕೊಂಡೇ ತಂದಿರ್ತಾನೆ," ಎಂದು, ಅವನು ಒಳಗೆ ತಂದ ಲೋಟ ತೆಗೆದುಕೊಂಡಿರಿ.

ನೀವು ಕಲಿಸಿದ ಹಾಗೇ ಹೇಳಿದ್ದೆ. ಎದುರಿಗಿದ್ದವರ ಕಣ್ಣು ನೋಡಿ, ತಡವರಿಸದೆ. ನನ್ನ ಮಾತನ್ನು ಅಷ್ಟು ಪೂರ್ತಿಯಾಗಿ ನಂಬಿದ ಗಿರಾಕಿ ಆಮೇಲೆ ಒಬ್ಬರೂ ಸಿಗಲಿಲ್ಲ. ಲೋಟ ಕಿತ್ತುಕೊಳ್ಳಬಹುದಿತ್ತು. ಕೈ ತಗುಲಿಸಿ ಚೆಲ್ಲಬಹುದಿತ್ತು. ನಾನು ಸುಮ್ಮನೆ ನಿಂತು, ನೀವು ಕೊನೆಯ ಗುಟುಕು ಕುಡಿಯುವ ತನಕ...

ನಾಲ್ಕನೆಯ ದಿನ ನೀವಿಲ್ಲ. ಲಿವರ್ ಪೂರ್ತಿ ಹೋಗಿತ್ತು ಎಂದರು ಡಾಕ್ಟರು. ಇರಬಹುದು. ಕಾಮಾಲೆಯಿಂದಲೋ, ಆ ಎಳನೀರಿನಿಂದಲೋ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಟ್ಟರೆ? ಖಬರಸ್ತಾನದಲ್ಲಿ ಎಲ್ಲರೊಡನೆ ಮೂರು ಹಿಡಿ ಮಣ್ಣು ಹಾಕಿ ಬಂದೆ.

ಅವತ್ತಿನಿಂದ ಬೇಡದ ಹಾಳೆ ಓದದೆ ಒಂದು ಸಭೆಯನ್ನೂ ಶುರು ಮಾಡಿಲ್ಲ. ನೀವು ಹೇಳಿದ್ದು ನಿಜ, ಜನ ನಂಬುತ್ತಾರೆ. ನನ್ನ ಮಾರಾಟ ಏರುತ್ತಲೇ ಹೋಯಿತು. ಹೊಸಬರು ಅದನ್ನು ಒಳ್ಳೆಯ ಟೆಕ್ನಿಕ್ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ನಾನು ಬೇಗ ಮುಂದಿನ ಚಿತ್ರ ಬೀಳಿಸುತ್ತೇನೆ.

ನಿನ್ನೆ ಹೊನ್ನವಳ್ಳಿಯಲ್ಲಿ ಸಭೆಯಿತ್ತು. ಬಸಣ್ಣ ಎಂದಿನಂತೆ ಮುಂದೆ ಕೂತಿದ್ದ. ಪಕ್ಕದವನಿಗೆ ಹೇಳುತ್ತಿದ್ದ, "ನಮ್ ಸಾಹೇಬ್ರು ಕೊನೇಗ್ ಕುಡ್ದಿದ್ದು ನಮ್ ಮರದ್ ನೀರೇ ಕಣಪ್ಪ." ಎಂಟು ವರ್ಷದಿಂದ ಅವನು ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದಾನೆ, ನಾನು ತಲೆಯಾಡಿಸುತ್ತಿದ್ದೇನೆ. ನಿನ್ನೆ ಆಗಲಿಲ್ಲ. ಸಭೆ ಮುಗಿದ ಮೇಲೆ ಅದೇ ಮರದ ಕೆಳಗೆ ಕೂರಿಸಿ ಎಲ್ಲ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಮರದ ಬುಡ ನೋಡುತ್ತಾ, "ಅವತ್ತು ನಮ್ ಮನೆ ಮಕ್ಳೂ ಕುಡ್ದಿದ್ವಲ್ಲ ಪರಮೇಶಪ್ಪ," ಎಂದ. ಆ ಮಕ್ಕಳು ಈಗ ಬೆಳೆದು ಗಟ್ಟಿಮುಟ್ಟಾಗಿದ್ದಾರೆ. ಆದರೂ ಅವನ ಮುಖ... ಬಸ್‌ಸ್ಟಾಂಡಿನ ತನಕ ಬಂದು ಕಳಿಸುವವನು ನಿನ್ನೆ ಏಳಲೇ ಇಲ್ಲ.

ಇನ್ನು ಉಳಿದಿರುವುದು ನಿಮ್ಮ ಮನೆ. ನಾನು ಹೋದಾಗಲೆಲ್ಲ, ನಾನು ಅಮ್ಮ ಎಂದು ಕರೆಯುವ ನಿಮ್ಮ ಹೆಂಡತಿ, "ನಿಮ್ ಸಾಹೇಬ್ರಿಗೆ ಇಷ್ಟ ಇತ್ತು, ಕುಡಿಯಪ್ಪ," ಎಂದು ಬಸಣ್ಣ ಕಳಿಸಿದ ಎಳನೀರನ್ನೇ ಲೋಟಕ್ಕೆ ಬಗ್ಗಿಸಿ ಕೊಡುತ್ತಾರೆ. ಎಂಟು ವರ್ಷ ಕುಡಿದು, ಬಾಯಿ ಒರೆಸಿಕೊಂಡು ಬಂದಿದ್ದೇನೆ. ಈ ಶುಕ್ರವಾರ ಮತ್ತೆ ಹೋಗುತ್ತೇನೆ. ಲ್ಯಾಪ್‌ಟಾಪ್ ಇರುವುದಿಲ್ಲ, ನಿಮ್ಮ ಕೆಂಪು ಶಾಯಿಯ ಹಾಳೆ ಮಾತ್ರ ಚೀಲದಲ್ಲಿರುತ್ತದೆ. ಅಮ್ಮ ಲೋಟ ಚಾಚುತ್ತಾರೆ. ಮೊದಲು ಬೇಡ ಎನ್ನುತ್ತೇನೆ. ಯಾಕೆ ಎಂದು ಅವರು ಕೇಳುತ್ತಾರಲ್ಲ, ಆಗ ಹೇಳುತ್ತೇನೆ.

ನಿಮ್ಮ
ಪರಮೇಶಿ