ವಾತ್ಸ್ ಎಂದರೆ ಯಾರು

ಜೂನ್ 12, ಬುಧವಾರ. ನಹುವಾಲಾ, ಅಪ್ಪನ ಸೀಮೆ

ಕಿಚೆ ಭಾಷೆಯ ಕ್ಲಾಸಿನಲ್ಲಿ ಇವತ್ತೂ ಗಂಟಲಕ್ಷರ. ಉಸಿರು ಕಟ್ಟಿ ಪಟ್ಟನೆ ಬಿಡಬೇಕು. ನನ್ನದು ಬರೀ ಕೆಮ್ಮು. ಕಾನ್ಸಾಸಿನ ಬ್ರಿಜಿಟ್‌ಗೆ ಆಗಲೇ ಬಂತು. ಟೀಚರ್ ತಲಿನಮ್ಮ ನೇಯುತ್ತಲೇ ಪಾಠ ಹೇಳುತ್ತಾರೆ. ತಲೆಯೆತ್ತದೆ ಎಂದರು: "ಹಳದಿ ಕೂದಲಿನವಳು ಕಿಚೆ ಮಾತಾಡ್ತಾಳೆ, ನಮ್ಮ ತಾಂಬ್ರಿಸ್ ಮನೆ ಹುಡುಗಿ ಕೆಮ್ತಾಳೆ. ಶುಂಠಿ ಕಷಾಯ ಕೊಡ್ಲಾ?"

ಸಂತೆಯಲ್ಲಿ ಟೊಮೆಟೊ ಮಾರುವವಳು — "ಮುಖ ನಮ್ದು, ನಾಲಿಗೆ ಯಾರ್ದು ತಾಯಿ?"

ಹೂಸ್ಟನ್ನಿನದು. ಮನೆಯಲ್ಲಿ ಅಪ್ಪ ಸ್ಪ್ಯಾನಿಷ್ ಬಿಟ್ಟು ಬೇರೆ ಆಡಲಿಲ್ಲ. ಮಾರ್ಚ್‌ನಲ್ಲಿ, ಆಸ್ಪತ್ರೆಯ ಕೊನೆಯ ದಿನಗಳಲ್ಲಿ, ಕಿಚೆ ಬಿಟ್ಟು ಬೇರೆ ಆಡಲಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇನೆ. ಅರ್ಥ ಬೇರೆಯವರನ್ನು ಕೇಳಲು ಮನಸ್ಸಿಲ್ಲ. ನನಗೇ ತಿಳಿಯಬೇಕು. ಈ ಬೇಸಿಗೆ ಕೋರ್ಸು ಅದಕ್ಕೇ.

ಜೂನ್ 20

ನೆಂಟಸ್ತಿಕೆಯ ಪಾಠ. ತಲಿನಮ್ಮ ತಮ್ಮ ಅಕ್ಕನನ್ನೇ ಕರೆತಂದಿದ್ದರು. ಆಕೆಯ ಭುಜ ಮುಟ್ಟಿ — "ವಾತ್ಸ್." ನನ್ನ ಅಕ್ಕ.

ಅಪ್ಪ ಮತ್ತೆ ಮತ್ತೆ ಹೇಳಿದ್ದು ಅದೇ! ಬಚ್ಚಲಿಗೆ ಹೋಗಿ ಫೋನ್ ಕಿವಿಗಿಟ್ಟೆ. ಈಗ ಪೂರ್ತಿ ಅರ್ಥವಾಯಿತು: ಹಳ್ಳದಾಚೆಯ ಹೊಲ ವಾತ್ಸ್ ಮಾಡಲಿ, ನಾನಿನ್ನು ಬರಲ್ಲ.

ಅಪ್ಪನಿಗೆ ಅಕ್ಕ ಒಬ್ಬರೇ. ವೆಲ್ ಅತ್ತೆ. ಭಾನುವಾರ ಹೋಗಿ ಹೇಳಬೇಕು.

ಜೂನ್ 23, ಭಾನುವಾರ

ಪಿಕಪ್‌ನಲ್ಲಿ ನಿಂತು ಅತ್ತೆಯ ಊರಿಗೆ. ಹೊಲ ತೋರಿಸಿದರು. ಎದೆಮಟ್ಟ ಪೊದೆ.

"ನಿನ್ನಪ್ಪ ಊರು ಬಿಟ್ಟಾಗಿಂದ ಹಾಳು ಬಿದ್ದಿದೆ. ನಿನ್ನ ದೊಡ್ಡಪ್ಪ ಮಾಶ್ ತನಗೆ ಅಂತಾನೆ, ನಾನು ನನಗೆ ಅಂತೀನಿ. ನಿನ್ನಪ್ಪನ ಪಾಲು, ಅವನ ಬಾಯಿಂದ ಮಾತು ಬರದೆ ಯಾರೂ ಮುಟ್ಟೋ ಹಾಗಿಲ್ಲ. ಮಾಶ್ ಹತ್ರ ಮಾತು ಬಿಟ್ಟು ನಿನ್ನ ವಯಸ್ಸಿನಷ್ಟು ಕಾಲ ಆಯ್ತು."

ಕಲಿತಷ್ಟು ಕಿಚೆಯಲ್ಲಿ ಹೇಳಿದೆ: "ಅಪ್ಪ ಹೇಳಿದ್ರು, ಹೊಲ ನೀವು ಮಾಡಿ."

"ನಾನಾ?" ಎರಡು ಸಲ ಕೇಳಿದರು. "ಅಯ್ಯೋ ಪುಣ್ಯಾತ್ಮ, ಈ ಮಂಡಿ ಗಟ್ಟಿ ಇದ್ದಾಗಲೇ ಹೇಳಬಾರದಿತ್ತಾ!" ನಕ್ಕರು. ಶಾಲು ಬಾಯಿಗೊತ್ತಿಕೊಂಡು ಅತ್ತರು.

ಫೋನ್ ತೆಗೆದೆ. ತಡೆದರು. "ದನಿ ಈಗ ಬೇಡ ಮಗಳೇ. ಎದೆ ತಡೆಯಲ್ಲ."

ಜೂನ್ 30

ಅತ್ತೆ ಪೊದೆ ಕಡಿಯುತ್ತಿದ್ದರು, ಒಬ್ಬರೇ. ಬದುವಿನ ಮೇಲೆ ಟೋಪಿಯ ಮುದುಕರೊಬ್ಬರು ಬೆಳಗಿನಿಂದ ನಿಂತೇ ಇದ್ದರು. ಮಾಶ್ ದೊಡ್ಡಪ್ಪ. ಕೊನೆಗೆ ನನ್ನ ಹತ್ತಿರ ಬಂದರು.

"ತಮ್ಮ ಹಂಗೇ ಹೇಳಿದ್ನಾ?"

ಹೌದು ಎಂದೆ.

ನೆಲ ನೋಡಿದರು. ಆಮೇಲೆ ಇಳಿದು ಹೋಗಿ ಅತ್ತೆಯ ಕೈಯಿಂದ ಗುದ್ದಲಿ ಕಿತ್ತುಕೊಂಡರು. "ಹಿಂಗೆ ಹಿಡಿದ್ರೆ ಬೆನ್ನು ಮುರಿಯುತ್ತೆ, ಮೊಂಡಿ."

"ನಿನ್ನ ಬೆನ್ನು ನೆಟ್ಟಗಿದೆಯಾ, ಮುದುಕಪ್ಪ?"

ಇಷ್ಟೇ ಮಾತು. ಮಧ್ಯಾಹ್ನ ಮೂವರೂ ಒಂದೇ ಬುಟ್ಟಿಯಿಂದ ತಮಾಲಿತೊ, ಮೆಕ್ಕೆಜೋಳದ ಕಡುಬು, ತಿಂದೆವು. ಆ ಮಾತು ಬೇಗ ಮುಟ್ಟಿಸಿದ್ದು ಒಳ್ಳೆಯದಾಯಿತು.

ಜುಲೈ 10

ತಲಿನಮ್ಮನಿಗೆ ಜ್ವರ. ಬದಲಿಗೆ ಟೋನ್ ಮೇಷ್ಟ್ರು. ತಮ್ಮ ಅಣ್ಣನ ಫೋಟೊ ತೋರಿಸಿ "ವಾತ್ಸ್" ಎಂದರು. ನಾನು ಕೈಯೆತ್ತಿ ತಿದ್ದಿದೆ — ಅದು ಅಕ್ಕ, ಮೇಷ್ಟ್ರೇ.

ಹೊಟ್ಟೆ ಹಿಡಿದು ನಕ್ಕರು. "ಹೆಂಗಸಿನ ಬಾಯಲ್ಲಿ ಅಕ್ಕ, ಗಂಡಸಿನ ಬಾಯಲ್ಲಿ ಅಣ್ಣ. ನಾನು ಹೇಳಿದ್ರೆ ಆ ಮಾತಿಗೆ ಮೀಸೆ ಬರುತ್ತಮ್ಮ!"

"ಗಂಡಸು ಅಕ್ಕನಿಗೆ ಏನಂತಾನೆ?"

"ಅದಕ್ಕೆ ಬೇರೆ ಮಾತೇ ಇದೆ." ಹಲಗೆಯ ಮೇಲೆ ಬರೆದರು.

ಮನೆಗೆ ಬಂದು ರೆಕಾರ್ಡ್ ಮತ್ತೆ ಮತ್ತೆ ಹಾಕಿ ಕೇಳಿದೆ. ಆ ಬೇರೆ ಮಾತು ಅಪ್ಪನ ದನಿಯಲ್ಲಿ ಎಲ್ಲೂ ಇಲ್ಲ. ಕಿಚೆಯಲ್ಲಿ ಅವನು, ಅವಳು ಎಂಬ ಭೇದವೂ ಇಲ್ಲ, ಅನುಮಾನ ಬರುವುದಕ್ಕೆ. ನಾನು ಅಪ್ಪನ ಮಾತನ್ನು ಹೆಂಗಸಿನ ಕಿವಿಯಿಂದ ಕೇಳಿದೆ.

ಹೊಲ ಅತ್ತೆಗಲ್ಲ. ದೊಡ್ಡಪ್ಪನಿಗೆ.

ಜುಲೈ 11

ಹೇಳಿದರೆ ಅತ್ತೆ ಗುದ್ದಲಿ ಇಟ್ಟು ಹೋಗುತ್ತಾರೆ. ಮತ್ತೆ ಮಾತು ನಿಲ್ಲುತ್ತದೆ. ಹೇಳದಿದ್ದರೆ ಅಪ್ಪ ಹೇಳಿದ್ದು... ಅಪ್ಪ ಹೇಳಿದ್ದು ಹೊಲದ ವಿಷಯವೋ, ಇವರಿಬ್ಬರ ವಿಷಯವೋ? ಗೊತ್ತಿಲ್ಲ. ಕ್ಲಾಸಿಗೆ ಹೋಗಲಿಲ್ಲ.

ಜುಲೈ 14, ಭಾನುವಾರ. ಅತ್ತೆಯ ಅಡುಗೆಮನೆ

ಹೇಳಲೆಂದೇ ಬಂದೆ. ಹೊಲ ಬೋಳಾಗಿದೆ, ಕಪ್ಪು ಮಣ್ಣು. ಮುಂದಿನ ವರ್ಷ ಹಳದಿ ಮೆಕ್ಕೆಜೋಳವೋ ಬಿಳಿಯದೋ ಎಂದು ಇಬ್ಬರಿಗೂ ಜಗಳ. ಸುಖದ ಜಗಳ.

"ಈಗ ಹಾಕು ಅವನ ದನಿ. ಎದೆ ಗಟ್ಟಿ ಆಗಿದೆ" ಎಂದರು ಅತ್ತೆ.

ಚಾರ್ಜ್ ಇಲ್ಲ ಎಂದೆ. ಸುಳ್ಳು. ಆ ದನಿ ಕೇಳಿದರೆ ವಾತ್ಸ್ ಯಾರೆಂದು ಇಬ್ಬರಿಗೂ ತಿಳಿದುಬಿಡುತ್ತದೆ. ದೊಡ್ಡಪ್ಪ ಫೋನ್ ಇಸಿದುಕೊಂಡು ತಾವೇ ಪ್ಲಗ್ಗಿಗೆ ಹಾಕಿದರು. ಅಷ್ಟು ಹೊತ್ತು ಸಿಕ್ಕಿತು ಎಂದು ಇಲ್ಲಿ ಬರೆಯುತ್ತ ಕೂತಿದ್ದೇನೆ.

ಅತ್ತೆ ನೀರಿಗೆ ಹೋದರು. ದೊಡ್ಡಪ್ಪ ಬೆಂಚಿನ ತುದಿಗೆ ಬಂದು ಕೂತರು. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. "ಹೊಲ ಅವಳಿಗೆ ಹೇಳಿದ, ಸರಿ. ಒಪ್ಪಿದೆ. ನನಗೂ ಒಂದು ಮಾತು ಹೇಳಿರ್ಬೇಕಲ್ಲ, ಮಗಳೇ?"

ಹೇಳಿದ್ದಾರೆ ಎಂದೆ.

"ಏನಂತ?"

ಪೆನ್ನು ಕೆಳಗಿಡು ಎನ್ನುತ್ತಿದ್ದಾರೆ. ನಾನು —