ಮೇಲಿನ ಪದರ, ಕೆಳಗಿನ ಪದರ

ಮಾರ್ಚ್ 3, ಸೋಮವಾರ
ಮೂಡುಬಿದಿರೆಯ ಲ್ಯಾಬ್. ಬೆಳಿಗ್ಗೆಯಿಂದ ಮೈಕ್ರೋಸ್ಕೋಪ್ ಮುಂದೆ. ಮಡಂತ್ಯಾರಿನ ರಸ್ತೆಯಿಂದ ಕೊರೆದು ತಂದ ಡಾಂಬರು. ಹಾಕಿ ಒಂದೇ ವರ್ಷ. ಹೊಸ ಡಾಂಬರಿನಲ್ಲಿ ಜೇನುನೊಣದ ಮೈಯಂಥ ಸಣ್ಣ ಪಟ್ಟೆಗಳು ಕಾಣಬೇಕು. ಇಲ್ಲಿ ಬೆಳೆದು ದಪ್ಪವಾಗಿವೆ. ಮುದಿ ಡಾಂಬರು. ಡಾಂಬರು ಬೆರೆಸುವ ಪ್ಲಾಂಟ್‌ನಲ್ಲಿ ಅತಿಯಾಗಿ ಕಾಯಿಸಿ ಸುಟ್ಟಿದ್ದಾರೆ... ಬೇರೆ ಕಾರಣ ತೋಚಲಿಲ್ಲ. ಹಾಗೆಂದೇ ಇಲಾಖೆಗೆ ವರದಿ ಕಳಿಸಿದೆ.

ಮಾರ್ಚ್ 10
ಚಿದಾನಂದ ಬಂದಿದ್ದರು. ಆ ರಸ್ತೆಯ ಕೆಲಸ ನೋಡಿಕೊಂಡ ಜೂನಿಯರ್ ಇಂಜಿನಿಯರ್. ಶುಕ್ರವಾರ ಬಂಟ್ವಾಳದಲ್ಲಿ ವಿಚಾರಣೆ. ನನ್ನ ವರದಿಯೇ ಸರಿ ಎಂದಾದರೆ ಅವರು ಸಸ್ಪೆಂಡ್. ಕೂರಿ ಎಂದರೂ ಕೂರಲಿಲ್ಲ.
"ಥರ್ಮಾಮೀಟರ್ ಹಿಡ್ಕೊಂಡು ನಾನೇ ನಿಂತಿದ್ದೆ ಮೇಡಂ. ಸುಟ್ಟಿಲ್ಲ. ಪುನಃ ಒಮ್ಮೆ ನೋಡ್ತೀರಾ?"
ಯಂತ್ರ ಸುಳ್ಳು ಹೇಳುವುದಿಲ್ಲ ಎಂದುಬಿಟ್ಟೆ. ಎಷ್ಟು ಸುಲಭವಾಗಿ ಬಂತು ಆ ಮಾತು.

ಮಾರ್ಚ್ 12
ಮೊದಲು ನೋಡಿದ್ದು ಮೇಲಿನ ಪದರ ಮಾತ್ರ. ಇವತ್ತು ಅದೇ ತುಂಡಿನ ಕೆಳಗಿನದು ನೋಡಿದೆ. ಚೆನ್ನಾಗಿಯೇ ಇದೆ. ಸುಟ್ಟಿದ್ದರೆ ಮೇಲೆ ಕೆಳಗೆ ಒಂದೇ ಥರ ಇರಬೇಕಿತ್ತು. ಇದು ಬಿಸಿಲು, ಗಾಳಿಯ ಕೆಲಸ. ಆದರೆ ಒಂದೇ ವರ್ಷದಲ್ಲಿ ಇಷ್ಟು?
ಕಪಾಟು ತೆರೆದೆ. ಅಲ್ಲಿ ಇನ್ನೊಂದು ತುಂಡು. ನನ್ನ ಸಂಶೋಧನೆಗೆಂದು ಮುಂಡಾಜೆಯಲ್ಲಿ ಒಂಬತ್ತು ವರ್ಷ ಹಳೆಯ ರಸ್ತೆಯನ್ನೂ ಕೊರೆಸಿದ್ದೆ. ಎರಡಕ್ಕೂ ನನ್ನದೇ ಲೇಬಲ್. ಎರಡರಲ್ಲೂ ಇಂಗ್ಲಿಷಿನ ‘ಎಂ’ — ಅಷ್ಟೇ.
ಲ್ಯಾಬ್ ಸಹಾಯಕಿ ಸಾಧನಾ ಇಣುಕಿದಳು. "ಕನ್ನಡದಲ್ಲಿ ಬರೆದಿದ್ರೆ ಒಂದು ಮ, ಒಂದು ಮು ಆಗ್ತಿತ್ತಲ್ಲ ಮೇಡಂ."
ಕಾನ್ವೆಂಟಿನಲ್ಲಿ ಓದಿ ಎಲ್ಲವನ್ನೂ ಇಂಗ್ಲಿಷಿನಲ್ಲೇ ಬರೆಯುವ ನನಗೆ ಇದು ಬೇಕಿತ್ತು.

ಮಾರ್ಚ್ 13
ಕಪಾಟಿನ ತುಂಡನ್ನು ಪರೀಕ್ಷಿಸಿದೆ. ಸಣ್ಣ ಪಟ್ಟೆಗಳು. ಮಡಂತ್ಯಾರು ಇದೇ; ಮೊದಲು ನೋಡಿದ್ದು ಮುಂಡಾಜೆಯದು. ರಸ್ತೆ ಸರಿಯಾಗಿದೆ.
ಹೊಸ ವರದಿ ಟೈಪ್ ಮಾಡಿದೆ: ಮರುಪರೀಕ್ಷೆಯಲ್ಲಿ ದೋಷ ಕಂಡುಬಂದಿಲ್ಲ. ಲೇಬಲ್ಲಿನ ಮಾತು ಇಲ್ಲ. ಚಿದಾನಂದ ಉಳಿದರೆ ಸಾಕಲ್ಲವೇ? ನಾನೂ ಉಳಿಯುತ್ತೇನೆ. ಹದಿನೆಂಟು ವರ್ಷದ ಹೆಸರು...

ಮಾರ್ಚ್ 14, ಬೆಳಿಗ್ಗೆ 10.40, ಬಂಟ್ವಾಳ
ಕಚೇರಿಯ ಹೊರಗಿನ ಬೆಂಚು. ಪಕ್ಕದಲ್ಲಿ ಚಿದಾನಂದ. ಹೊಸ ವರದಿ ಓದಲು ಕೊಟ್ಟೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಎರಡು ಸಲ ಓದಿದರು.
"ಮೊದಲಿನದು ಯಾಕೆ ತಪ್ಪಾಯ್ತು ಅಂತ ಇದರಲ್ಲಿ ಇಲ್ಲ ಮೇಡಂ. ನಾನು ನಿಮಗೆ ಏನೋ ಕೊಟ್ಟು ಬದಲಾಯಿಸಿದೆ ಅಂತ ಹೇಳ್ತಾರೆ ಒಳಗಿನವರು."
ಅದು ನನಗೆ ಹೊಳೆದಿರಲಿಲ್ಲ. ಅಥವಾ ಹೊಳೆಯಲು ಬಿಟ್ಟಿರಲಿಲ್ಲ.
ತುಂಡುಗಳು ಅದಲುಬದಲಾದದ್ದು ಹೇಳಿದೆ. ಅವರು ಬೈಯಲಿಲ್ಲ. "ಒಳಗೂ ಇದನ್ನೇ ಹೇಳ್ತೀರಾ?" ಎಂದರು, ಅಷ್ಟೇ.
ಟೈಪ್ ಮಾಡಿದ್ದರ ಕೆಳಗೆ ಪೆನ್ನಿನಲ್ಲಿ ಸೇರಿಸಿದೆ: ‘ಲೇಬಲ್ ತಪ್ಪಾಗಿತ್ತು.’ ತಾನಾಗಿ ತಪ್ಪಾಯಿತೇ? ಹೊಡೆದು ಹಾಕಿದೆ. ‘ಲೇಬಲ್ ತಪ್ಪಾಗಿ ಬರೆದವಳು ನಾನು.’
ಒಳಗಿಂದ ಹೆಸರು ಕರೆದರು. ಸಹಿ ಇನ್ನೂ ಹಾಕಿಲ್ಲ...